ಮಳೆಯ ಮರುದಿನದ ಅಕ್ಕ

ಅಕ್ಕನ ತುಟಿಯ ಎಡಮೂಲೆಯಲ್ಲಿ ಸಾಸಿವೆಯಷ್ಟು ಕಪ್ಪು ಕಲೆಯೊಂದಿತ್ತು. ಮಾವಿನ ಮಿಡಿಯ ಸೊನೆ ತಾಗಿ ಸುಟ್ಟದ್ದು. ಪ್ರತಿ ಬೇಸಿಗೆಯ ಮೊದಲಿಗೂ ಅದು ಹೊಸದಾಗುತ್ತಿತ್ತು. ಮಿಡಿ ಕಂಡರೆ ತೊಳೆಯುವಷ್ಟು ತಾಳ್ಮೆ ಅವಳಿಗಿರಲಿಲ್ಲ, ನಿಂತಲ್ಲೇ ಕಚ್ಚಿಬಿಡುತ್ತಿದ್ದಳು.

ನಾವಾಗ ಮದರಾಸಿನ ಟಿ. ನಗರದಲ್ಲಿದ್ದೆವು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಮೈಸೂರು ಕಡೆಯಿಂದ ಬಂದ ಅಜ್ಜಿಗೆ ಮಡಿ ಹೆಚ್ಚು. ವಯಸ್ಸಿಗೆ ಬಂದ ಅಕ್ಕ ದೇವಸ್ಥಾನ ಬಿಟ್ಟು ಬೇರೆಲ್ಲಿಗೂ ಹೋಗುವ ಹಾಗಿರಲಿಲ್ಲ. ವರ್ಷಕ್ಕೊಂದು ದಿನ ಮಾತ್ರ ಬಿಡುಗಡೆ. ಬೇಸಿಗೆಯ ಮೊದಲ ಮಳೆ ಬಿದ್ದ ಮರುದಿನ ಅಪ್ಪ ನಮ್ಮಿಬ್ಬರನ್ನೂ ವೇಲಚೇರಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಅವರ ಸ್ನೇಹಿತರದೊಂದು ಮಾವಿನ ತೋಪು. ಉಪ್ಪಿನಕಾಯಿಗೆ ಮಿಡಿ ಆರಿಸುವುದರಲ್ಲಿ ಅಕ್ಕನ ಕೈ ಒಳ್ಳೆಯದೆಂದು ಅಜ್ಜಿಯೂ ಒಪ್ಪಿದ್ದರು.

ಅವತ್ತು ಅವಳು ಕಾಗೆಗಿಂತ ಮೊದಲೇ ಎದ್ದು ನನ್ನ ಹೊದಿಕೆ ಎಳೆಯುವಳು. "ಏಳೇ, ಮಣ್ಣಿನ ವಾಸನೆ ಇಲ್ಲಿವರೆಗೂ ಬಂದಿದೆ. ಮೂಗು ಅಡವಿಟ್ಟು ಮಲಗಿದೀಯಾ?"

ಗಿಂಡಿಯವರೆಗೆ ಬಸ್ಸು, ಅಲ್ಲಿಂದ ನಡಿಗೆ. ವೇಲಚೇರಿ ಆಗ ಬರೀ ಹಳ್ಳಿ. ಬಸ್ಸಿಳಿದ ಕೂಡಲೇ ಅಕ್ಕ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದಳು. ಗದ್ದೆಯ ಬದುವಿನ ಮೇಲೆ ಲಂಗ ಎತ್ತಿ ಕಟ್ಟಿ ಓಟ. ತಾಳೆಮರಗಳಿಂದ ಇನ್ನೂ ಹನಿ ಉದುರುತ್ತಿರುತ್ತಿತ್ತು, ಕೆರೆಯ ಕಡೆಯಿಂದ ಕಪ್ಪೆಗಳ ಗದ್ದಲ. ಅಪ್ಪ ಹಿಂದಿನಿಂದ ಕೊಡೆಯೆತ್ತಿ ಕೂಗುತ್ತಿದ್ದರು: "ನಿಧಾನ ಕಣಮ್ಮ, ತೋಪು ಎಲ್ಲಿಗೂ ಓಡಿಹೋಗಲ್ಲ."

"ತೋಪು ಓಡಲ್ಲ ಅಪ್ಪ, ದಿನ ಓಡತ್ತೆ!"

ಹಸಿ ಮಣ್ಣಿನಲ್ಲಿ ಮಳೆ ಬಂದಾಗ ಮಾತ್ರ ಏಳುವ ಕೆಂಪು ಮಕಮಲ್ಲಿನ ಹುಳುಗಳಿರುತ್ತಿದ್ದವು. ಒಂದನ್ನು ನನ್ನ ಅಂಗೈಗೆ ಬಿಟ್ಟು, "ಒತ್ತಬೇಡ, ನಾಚ್ಕೊಳತ್ತೆ" ಎನ್ನುವಳು. ಅದು ನಿಜವಾಗಿಯೂ ಕಾಲುಗಳನ್ನು ಒಳಗೆಳೆದುಕೊಳ್ಳುತ್ತಿತ್ತು.

ತೋಪಿನಲ್ಲಿ ಅವಳದೊಂದೇ ಕಟ್ಟುನಿಟ್ಟು. "ಕೊಂಬೆಯಿಂದಲೇ ಕೀಳ್ಬೇಕು, ತೊಟ್ಟು ಇರ್ಬೇಕು. ಬಿದ್ದದ್ದಕ್ಕೆ ಏಟಾಗಿರತ್ತೆ. ಅಂಥದ್ದು ಸೇರಿದ್ರೆ ಜಾಡಿನೇ ಕೆಟ್ಟುಹೋಗತ್ತೆ." ಹೇಳಿ, ಅಪ್ಪ ತೋಪಿನ ಕಾವಲಿನ ಮುದುಕಿಯ ಹತ್ತಿರ ತಮಿಳಿನಲ್ಲಿ ಹರಟುತ್ತ ಕುಳಿತಿರುವುದನ್ನು ನೋಡಿಕೊಂಡು, ಬಾಗಿದ ಕೊಂಬೆಯೊಂದನ್ನು ಹತ್ತಿಬಿಡುವಳು. ಮುದುಕಿ ಕಂಡರೂ ಕಾಣದ ಹಾಗೆ ವೀಳ್ಯ ಜಗಿಯುತ್ತಿದ್ದಳು.

ಒಂದು ವರ್ಷ ಕೆಳಗಿನ ಕೊಂಬೆಗಳ ಮಿಡಿ ಕೀಳುವುದು ನನ್ನ ಪಾಲಿಗೆ ಬಂದಿತ್ತು. ನನಗೋ ಹುಳುಗಳ ಹುಚ್ಚು. ರಾತ್ರಿಯ ಗಾಳಿಗೆ ನೆಲದ ತುಂಬ ಮಿಡಿ ಉದುರಿದ್ದವು. ಅವನ್ನೇ ಬಾಚಿ ಬುಟ್ಟಿ ತುಂಬಿಸಿ, ಮೇಲೆ ನಾಲ್ಕು ಒಳ್ಳೆಯವನ್ನು ಹರಡಿ ಹುಳು ಹಿಡಿಯಲು ಓಡಿದೆ.

ಅಕ್ಕ ಆರಿಸಿದ್ದೆಂದು ನಂಬಿ ಅಜ್ಜಿ ತಿರುವಿ ನೋಡದೆ ಎಲ್ಲವನ್ನೂ ಉಪ್ಪಿಗೆ ಹಾಕಿದರು. ತಿಂಗಳು ಕಳೆಯುವುದರೊಳಗೆ ಜಾಡಿಗೆ ಬೂಷ್ಟು ಹಿಡಿಯಿತು. ಅಜ್ಜಿ ಮುಚ್ಚಳ ತೆಗೆದವರು ಅಕ್ಕನ ಕಡೆ ತಿರುಗಿದರು.

"ಹೊರಗಾಗಿದ್ದನ್ನ ಮುಚ್ಚಿಟ್ಟು ಮುಟ್ಟಿದೀಯ ನೀನು. ಇಲ್ದಿದ್ರೆ ಉಪ್ಪಿನಕಾಯಿ ಯಾಕೆ ಹೀಗಾಗತ್ತೆ?"

"ಇಲ್ಲ ಅಜ್ಜಿ. ನಾನು ಹಾಗೆ ಮಾಡೋಳಲ್ಲ."

"ಮತ್ತೆ ಜಾಡಿ ತಾನಾಗೇ ಕೆಡ್ತಾ?"

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. ನಾನು ತಲೆಯೆತ್ತದೆ ಮೊಸರನ್ನ ಕಲಸುತ್ತಿದ್ದೆ. ಮುಂದೆ ಅವಳು ಮಿಡಿಯನ್ನೂ ಮುಟ್ಟಬಾರದು, ತೋಪಿಗೂ ಹೋಗಬಾರದು ಎಂದು ಅಪ್ಪ ಬಂದ ಕೂಡಲೇ ಅಜ್ಜಿ ಹೇಳಿದರು. ಅಪ್ಪ ಅಜ್ಜಿಗೆ ಎದುರಾಡುವವರಲ್ಲ.

ಆಮೇಲಿನ ಬೇಸಿಗೆಗಳಲ್ಲಿ ಅಪ್ಪನ ಜೊತೆ ನಾನೊಬ್ಬಳೇ ಹೋದೆ. ಹಿಂದಿರುಗುವಾಗ ಅಕ್ಕ ಬಾಗಿಲಲ್ಲೇ ಇರುತ್ತಿದ್ದಳು. "ಹೇಳೇ, ಕೆರೆಗೆ ನೀರು ಬಂದಿತ್ತಾ? ಹುಳ ಎದ್ದಿದ್ವಾ? ನನ್ನ ಕೊಂಬೆ ಹೇಗಿತ್ತು?"

ಅವಳ ಮುಖ ನೋಡಲಾಗದೆ, "ಏನಿರತ್ತೆ, ಮಾಮೂಲಿ" ಎಂದು ಒಳಗೆ ಹೋಗಿಬಿಡುತ್ತಿದ್ದೆ. ತುಟಿಯ ಕಲೆ ಮಾಸುತ್ತ ಬಂದು, ಅವಳ ಮದುವೆಯ ಹೊತ್ತಿಗೆ ಕಾಣದಂತಾಗಿತ್ತು.

ತಲೆ ನರೆತ ಮೇಲೆ ಒಮ್ಮೆ ಅವಳ ಮನೆಯಲ್ಲಿ ಕುಳಿತು ನಿಜ ಹೇಳಿದೆ. ಅಕ್ಕ ಹುರುಳಿಕಾಯಿ ಸೋಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಅಜ್ಜಿ ಜಾಡಿ ತೆಗೆದಾಗಲೇ ಗೊತ್ತಾಯ್ತು ಕಣೇ. ತೊಟ್ಟಿಲ್ಲದವು ಅಷ್ಟೊಂದು ತೇಲ್ತಿದ್ವಲ್ಲ."

"ಹಾಗಿದ್ರೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೂ ಅಜ್ಜಿ ನನ್ನನ್ನ ಮತ್ತೆ ಕಳಿಸ್ತಿರ್ಲಿಲ್ಲ, ಜೊತೆಗೆ ನಿನ್ನನ್ನೂ ಬಿಡ್ತಿರ್ಲಿಲ್ಲ. ಒಬ್ಬರಾದ್ರೂ ಹೋಗಿ ಬಂದು ನನಗೆ ಹೇಳ್ಬೇಕಿತ್ತಲ್ಲ." ಆಮೇಲೆ ನಕ್ಕಳು. "ನೀನು ಅದನ್ನೂ ಹೇಳ್ಲಿಲ್ಲ, ಕಳ್ಳಿ."

ಹೋದ ವರ್ಷ ಅಕ್ಕ ತೀರಿಕೊಂಡಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಬರೆಯುವುದು ಕಷ್ಟ. ಆದರೆ ನಿನ್ನೆ ಬೇಸಿಗೆಯ ಮೊದಲ ಮಳೆ ಬಂತು, ಸುಮ್ಮನಿರಲು ಆಗಲಿಲ್ಲ.

ಕೇಳು ಅಕ್ಕ. ನೀನು ಬಾರದ ಆ ಮೊದಲ ವರ್ಷ ಕೆರೆಗೆ ಅರ್ಧ ನೀರು ಬಂದಿತ್ತು. ಅದರ ತುಂಬ ಕೊಕ್ಕರೆ. ಹುಳುಗಳು ಎಷ್ಟು ಎದ್ದಿದ್ದವೆಂದರೆ, ಬದುವಿನ ಮೇಲೆ ಕುಂಕುಮದ ಭರಣಿ ಚೆಲ್ಲಿದ ಹಾಗಿತ್ತು, ಅಪ್ಪ ಕಾಲಿಡಲು ಜಾಗ ಹುಡುಕಿದರು. ಕಾವಲಿನ ಮುದುಕಿ ನಿನ್ನನ್ನೇ ಕೇಳಿದಳು. ನಿನ್ನ ಕೊಂಬೆ ಮಿಡಿಗಳ ಭಾರಕ್ಕೆ ಇನ್ನಷ್ಟು ಬಾಗಿತ್ತು. ನಾನು ಅದನ್ನು ಮುಟ್ಟಲಿಲ್ಲ.