ಹೆಡ್‌ಸೆಟ್‌ನಲ್ಲಿ ಬಂದ ದನಿ

ಇಂಥ ಪ್ರಸಂಗಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಮಾತು ಬದಲಿಸುತ್ತಿದ್ದೆ. ಹೆದರಿದವನಿಗೆ ಏನು ಬೇಕಾದರೂ ಕೇಳಿಸುತ್ತದೆ ಎನ್ನುವುದು ನನ್ನ ತೀರ್ಮಾನವಾಗಿತ್ತು. ಈಗ ಹಾಗೆ ನಗಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಆರ್ಥಿಕ ಕುಸಿತ ಶುರುವಾದ ಮೇಲಿನ ಎರಡನೆಯ ಚಳಿಗಾಲ. ನಾನು ಮತ್ತು ಧಾರವಾಡದ ಗುರುನಾಥ್ ಸೇರಿ ಮಿಷಿಗನ್ ಸರೋವರದ ಪಶ್ಚಿಮಕ್ಕಿರುವ ಬೋಲಿಂಗ್‌ಬ್ರೂಕ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಚಿಕ್ಕ ವರ್ಕ್‌ಶಾಪ್ ನಡೆಸುತ್ತಿದ್ದೆವು. ಗಿರಾಕಿಗಳೆಲ್ಲ ಕೈಬಿಟ್ಟು, ಡೆಟ್ರಾಯಿಟ್ ಹತ್ತಿರದ ಒಂದೇ ಕಾರ್ಖಾನೆ ಉಳಿದಿತ್ತು. ಒಂದು ಬೆಳಿಗ್ಗೆ ಅಲ್ಲಿಂದ ಫೋನ್ ಬಂತು. ಕಳಿಸಿದ ಮಾಲಿನಲ್ಲಿ ದೋಷವಿದೆ, ಮಧ್ಯಾಹ್ನ ಮೂರರೊಳಗೆ ಬೇರೆಯದು ತಲುಪದಿದ್ದರೆ ಇನ್ನು ನಮ್ಮ ಹತ್ತಿರ ಏನನ್ನೂ ಕೊಳ್ಳುವುದಿಲ್ಲ ಎಂದರು. ನಮ್ಮಲ್ಲಿ ಉಳಿದಿದ್ದ ಒಂಬತ್ತು ಜನ ಕೆಲಸಗಾರರು ಯಂತ್ರ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ಬದಲಿ ಮಾಲು ಸಿದ್ಧವಿತ್ತು, ಆದರೆ ಹಿಮದಿಂದಾಗಿ ಹೆದ್ದಾರಿ ಮುಚ್ಚಿತ್ತು.

ನನಗೆ ಖಾಸಗಿ ಪೈಲಟ್ ಲೈಸೆನ್ಸ್ ಇತ್ತು. ಫ್ಲೈಯಿಂಗ್ ಕ್ಲಬ್ಬಿನ ಒಂಟಿ ಎಂಜಿನ್ ವಿಮಾನ ಖಾಲಿ ಇತ್ತು.

"ಇಂಥಾ ಹವಾದಾಗ ಹೋಗಬಹುದೇನ್ರಿ?" ಎಂದರು ಗುರುನಾಥ್.

"ಹೋಗದೆ ಇನ್ನೇನು ಮಾಡೋಣ ಹೇಳಿ?"

"ಹಂಗಾರ ನಾನೂ ಬರ್ತೀನಿ. ಅವರ ಮುಂದನ ಮಾಲು ಚೆಕ್ ಮಾಡಿ ಕೊಡಬೇಕು."

ಅವರಿಗೆ ವಿಮಾನವೆಂದರೆ ಭಯ. ಸಣ್ಣ ವಿಮಾನವನ್ನಂತೂ ಒಮ್ಮೆಯೂ ಹತ್ತಿದವರಲ್ಲ.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಕಡುಚಳಿಯಲ್ಲಿ ಎತ್ತರ ಅಳೆಯುವ ಆಲ್ಟಿಮೀಟರ್ ಸುಳ್ಳು ಹೇಳುತ್ತದೆ. ವಿಮಾನ ನಿಜಕ್ಕೂ ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತದೆ. ಆದ್ದರಿಂದ ಚಳಿಗಾಲದಲ್ಲಿ ದಾರಿಯ ಟವರು, ಗುಡ್ಡಗಳ ಮೇಲೆ ಇನ್ನಷ್ಟು ಅಡಿ ಸೇರಿಸಿಕೊಂಡು ಯೋಜನೆ ಹಾಕಬೇಕು. ಅಂದು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿತ್ತು. ನಕ್ಷೆಯಲ್ಲಿ ಮಿಷಿಗನ್ ಕಡೆಯ ಒಂದು ಟವರ್ ಕಂಡಿತ್ತು. ಇನ್ನೂರು ಅಡಿ ಮೇಲಿಂದ ದಾಟಿದರಾಯಿತು ಎಂದುಕೊಂಡೆ. ಚಳಿಯ ಲೆಕ್ಕ ಮರೆತೆ ಎಂದರೆ ಸುಳ್ಳಾದೀತು. ಲೆಕ್ಕ ಹಾಕಿದರೆ ಹೋಗುವ ಹಾಗಿಲ್ಲ ಎಂದು ಗೊತ್ತಾಗಿಬಿಡುತ್ತದೆಂದು ಹಾಕಲಿಲ್ಲ.

ಸರೋವರದ ದಕ್ಷಿಣ ದಂಡೆ ಬಳಸಿ ಹೋಗುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಮೋಡ ಇಳಿಯಿತು. ಮೋಡದೊಳಗೆ ಸಿಕ್ಕರೆ ರೆಕ್ಕೆಗೆ ಮಂಜುಗಡ್ಡೆ ಕಟ್ಟುತ್ತದೆಂದು ನಾನೂ ಇಳಿದೆ. ಹಿಮದ ಪುಡಿ ಗಾಳಿಯಲ್ಲಿ ತುಂಬಿ ನೆಲವೂ ಆಕಾಶವೂ ಒಂದೇ ಬಿಳುಪಾದವು. ಹಿಂದಿರುಗೋಣವೆಂದರೆ ಹಿಂದೆಯೂ ಅದೇ.

ಆಗ ಹೆಡ್‌ಸೆಟ್‌ನಲ್ಲಿ ಗುರುನಾಥರ ದನಿ ಸ್ಪಷ್ಟವಾಗಿ ಕೇಳಿತು. "ಮ್ಯಾಲೆ ಏರಸ್ರಿ. ಈಗನ ಏರಸ್ರಿ."

ಯಾಕೆಂದು ಕೇಳಲಿಲ್ಲ. ಕೈ ತಾನಾಗಿ ಚುಕ್ಕಾಣಿಯನ್ನು ಹಿಂದಕ್ಕೆ ಎಳೆಯಿತು. ಮೋಡದ ಅಂಚು ಗಾಜನ್ನು ಸವರುವಷ್ಟು ಮೇಲೇರಿದೆವು. ಅಷ್ಟರಲ್ಲಿ ಎಡರೆಕ್ಕೆಯ ಕೆಳಗೆ ಬಿಳುಪಿನೊಳಗಿಂದ ಟವರಿನ ತುದಿ ಹಾದುಹೋಯಿತು. ಅದರ ಕಂಬಿಗೆ ಅಂಟಿದ್ದ ಹಿಮವೂ ಕಾಣುವಷ್ಟು ಹತ್ತಿರ.

ಥ್ಯಾಂಕ್ಸ್ ಹೇಳಲು ತಿರುಗಿದೆ. ಗುರುನಾಥ್ ಕಣ್ಣು ಮುಚ್ಚಿ, ಪ್ಲಾಸ್ಟಿಕ್ ಚೀಲವನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದರು. ಅವರ ಹೆಡ್‌ಸೆಟ್ ಹಿಂದಿನ ಸೀಟಿನಲ್ಲಿತ್ತು. ಅದರ ವೈರನ್ನು ಕಿತ್ತಿಟ್ಟಿದ್ದರು. ಅದಿಲ್ಲದೆ ಆ ಎಂಜಿನ್ನಿನ ಸದ್ದಿನಲ್ಲಿ ಪಕ್ಕದವರು ಕೂಗಿದರೂ ಕೇಳುವುದಿಲ್ಲ.

ಮೂರಕ್ಕೆ ಇಪ್ಪತ್ತು ನಿಮಿಷವಿರುವಾಗ ಮಾಲು ತಲುಪಿಸಿದೆವು. ಅದರಿಂದ ಏನೂ ಉಳಿಯಲಿಲ್ಲ ಅನ್ನಿ. ವಸಂತ ಬರುವ ಮೊದಲೇ ಆ ಕಾರ್ಖಾನೆ ಮುಚ್ಚಿತು, ಹಿಂದೆಯೇ ನಮ್ಮದೂ. ಆ ಒಂಬತ್ತು ಜನರಿಗೆ ನಾನೇ ಹೇಳಬೇಕಾಯಿತು.

ವಿಮಾನದ ಇಂಟರ್‌ಕಾಮ್ ಪರೀಕ್ಷಿಸಿದ ಮೆಕ್ಯಾನಿಕ್ ಏನೂ ತೊಂದರೆಯಿಲ್ಲ ಎಂದ. ಭಯದಲ್ಲಿ ನನ್ನ ಬುದ್ಧಿಯೇ ಮಾತಾಡಿತು ಎಂದು ನೀವು ಹೇಳಬಹುದು. ಆದರೆ ನಾನು ಮೈಸೂರಿನವನು. ನನ್ನ ಬುದ್ಧಿ ಧಾರವಾಡದ ಮಾತನ್ನು ಯಾಕೆ ಆಡಬೇಕು?

ಅಂದು ರಾತ್ರಿ ಮೋಟೆಲ್ಲಿನಲ್ಲಿ ಗುರುನಾಥರಿಗೆ ಇದನ್ನು ಹೇಳಿದೆ.

"ಬಾಯಿ ತೆಗೆದ್ರ ವಾಂತಿ ಆಗ್ತಿತ್ರಿ, ನಾ ಮಾತಾಡಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಖರೇನ ನನ್ನ ದನೀನ ಇತ್ತೇನು?"

"ನಿಮ್ಮದೇ."

"ಹಂಗಾರ ನನಗ್ಯಾಕ ಕೇಳಸಲಿಲ್ಲ?"