ಅತ್ತಿಗೆ ನಂಬಿದ ಕೆರೆ

ನಮ್ಮ ಅತ್ತಿಗೆಯ ಎಡಹುಬ್ಬು ಬಲಹುಬ್ಬಿಗಿಂತ ಒಂದೆಳೆ ಮೇಲಿತ್ತು. ಹುಟ್ಟಿನಿಂದಲೇ ಹಾಗೋ, ಎಲ್ಲರನ್ನೂ ಅನುಮಾನಿಸಿ ಅನುಮಾನಿಸಿ ಹಾಗಾಯಿತೋ ಗೊತ್ತಿಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಸಂತೆಯಲ್ಲಿ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದರು. ಹಾಲಿನವನು ದೇವರಾಣೆ ಇಟ್ಟರೆ, ಕೇಳದೆ ಆಣೆ ಯಾಕಿಟ್ಟ ಎಂದು ಅನುಮಾನ ಇನ್ನೂ ಹೆಚ್ಚುತ್ತಿತ್ತು.

ನನ್ನ ಕಥೆಗಳನ್ನು ಮೊದಲು ಓದುತ್ತಿದ್ದವರೂ ಅವರೇ. ಅವರ ಬಾಯಲ್ಲಿ ಒಂದು ಸಲವಾದರೂ 'ಚೆನ್ನಾಗಿದೆ' ಅನ್ನಿಸಿಕೊಳ್ಳಬೇಕೆಂದು ನನಗೆ ಹಟ. "ನಾಲೆ ನೀರು ನಿಲ್ಸಿರೋ ತಿಂಗಳಲ್ಲಿ ನಿನ್ ಉಡ್ಗಿ ನಾಲೇಲಿ ಎಂಗೆ ಬಟ್ಟೆ ಒಗೀತಾವ್ಳೆ? ಸುಳ್ಳು ಕಣಮ್ಮಿ," ಎಂದು ಹಾಳೆ ವಾಪಸ್ಸು ಕೊಡುತ್ತಿದ್ದರು. ಇದು ಹೊಟ್ಟೆಕಿಚ್ಚೇ ಎಂದುಕೊಂಡೆ. ನಾದಿನಿಗೆ ಹೆಸರು ಬಂದರೆ ಯಾವ ಅತ್ತಿಗೆ ಸಹಿಸುತ್ತಾಳೆ?

ಒಂದು ಭಾನುವಾರ ವಾರಪತ್ರಿಕೆಯ ಕಥೆಯೊಂದನ್ನು ಮುಂದಿಟ್ಟುಕೊಂಡು ನನ್ನನ್ನು ಕೂರಿಸಿದರು. ಊರಿನ ಕೆರೆಯೊಂದು ಬೇಜಾರಾಗಿ ಎದ್ದು, ನಾಗಮಂಗಲದ ಕಡೆ ಇರುವ ತಂಗಿಕೆರೆಯನ್ನು ನೋಡಲು ಹೊರಡುವ ಕಥೆ. ನನಗೆ ನಗು ಬಂತು.

"ಇದ್ನ ನಂಬ್ತೀರಾ ಅತ್ಗೆ?"

"ನಂಬ್ಬುಟ್ಟೆ. ಯಾಕೆ ನಂಬ್ದೆ ಅಂತ ಉಡುಕ್ತಾ ಇವ್ನಿ."

ಕಳ್ಳನ ಜೇಬು ತಡಕುವಂತೆ ಸಾಲು ಸಾಲೂ ಓದಿದೆವು. ಹೊರಡುವ ಮುನ್ನ ಕೆರೆ ತನ್ನ ಮೀನುಗಳನ್ನು ಊರವರ ಹಂಡೆಗಳಿಗೆ ಹಂಚಿತ್ತು. ರಾಗಿ ಹೊಲ ನೆನೆಯದಂತೆ ಬದುವಿನ ಮೇಲೆಯೇ ನಡೆದಿತ್ತು. ಇತ್ತ ಬಟ್ಟೆ ಒಗೆಯುವ ಕಲ್ಲು ಕಾದು, ಕಾಗೆ ಕೂರಲಾರದೆ ಹಾರಿತ್ತು.

"ಕೆರೆ ಎದ್ದೋಯ್ತು ಅನ್ನೋದೊಂದೇ ಸುಳ್ಳು. ಆಮೇಕೆ ಒಂದಾದ್ರೂ ಸುಳ್ಳು ಯೋಳವ್ನಾ? ನೀನು ಉಲ್ಟಾ. ನಡೆಯೋ ಕಥೇನೇ ತಕ್ಕೊತೀಯ, ಒಳಗೆಲ್ಲ ಸುಳ್ಳೇ ತುಂಬ್ತೀಯ."

ಬರವಣಿಗೆಯ ಬಗ್ಗೆ ನಾನು ಕಲಿತ ಪಾಠ ಅದೊಂದೇ. ಆದರೂ ಅವರು ಮೆಚ್ಚುವಂಥದ್ದು ನನ್ನಿಂದ ಬರಲಿಲ್ಲ.

ಹೋದ ವರ್ಷ ಅತ್ತಿಗೆ ಮೈಸೂರಿನ ಆಸ್ಪತ್ರೆ ಸೇರಿದರು. ಹೆಚ್ಚು ದಿನ ಉಳಿಯುವುದಿಲ್ಲ ಎಂದರು ಡಾಕ್ಟರು. ಅವಳಿಗೆ ಮಾತ್ರ ಗೊತ್ತಾಗಬಾರದು ಎಂದು ಅಣ್ಣ ಅಂಗಲಾಚಿದ. ಅವನಿಗೆ ಸುಳ್ಳು ಬಾರದು. ಆ ಕೆಲಸ ನನ್ನ ಮೇಲೆ ಬಿತ್ತು. ಹೊಟ್ಟೆಯಲ್ಲಿ ಬರೀ ಹುಣ್ಣು ಎಂದೆ. ಮಾತ್ರೆ ಊಟಕ್ಕೆ ಮುಂಚೆ, ಉಪ್ಪಿನಕಾಯಿ ಮುಟ್ಟುವಂತಿಲ್ಲ. ಮಾತಿನ ಮಧ್ಯೆ ಡಾಕ್ಟರಿಗೆ ಫೋನು ಬಂದು ಎದ್ದುಹೋದರು, ಅದಕ್ಕೇ ನಾವು ಬರುವುದು ತಡವಾಯಿತು ಎಂದೆ.

ಅತ್ತಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನಗೆ ಭಯವಾಯಿತು. ಅಣ್ಣನನ್ನು ಕಾಫಿ ತರಲು ಕಳಿಸಿ ನನ್ನ ಕೈ ಹಿಡಿದುಕೊಂಡರು.

"ಇದೊಂದು ಚೆನ್ನಾಗೈತೆ ಕಣಮ್ಮಿ. ನಾನು ನಂಬ್ಬುಟ್ಟೆ ಅಂತ ನಿಮ್ಮಣ್ಣಂಗೆ ಯೋಳ್ಬುಡು."

ಅಣ್ಣ ಕಾಫಿ ತಂದಾಗ ಹಾಗೆಯೇ ಹೇಳಿದೆ. ಅತ್ತಿಗೆ ಹೋದ ಮೇಲೂ ಅಣ್ಣ ಅದನ್ನು ನಂಬಿಕೊಂಡಿದ್ದಾನೆ.