ಪಕಾರದ ಗಂಟು

ಒಬ್ಬೊಬ್ಬರಿಗೆ ಒಂದೊಂದು ಅಕ್ಷರ ಆಗಿಬರುವುದಿಲ್ಲ. ಈ ಹೆಂಗಸಿಗೆ ಆಗಿಬರದಿದ್ದದ್ದು 'ಪ'. ಮಿಕ್ಕ ಅಕ್ಷರಗಳ ಮೇಲೆ ನಾಲಿಗೆ ಒಮ್ಮೊಮ್ಮೆ ಎಡವಿದರೂ ಹೇಗೋ ಎದ್ದು ನಡೆಯುತ್ತಿತ್ತು. ಪದದ ಮೊದಲಿಗೇ 'ಪ' ಬಂದರೆ ಮಾತ್ರ ತುಟಿ ಎರಡೂ ಅಂಟಿಕೊಂಡು, ಉಸಿರು ಒಳಗೇ ಸಿಕ್ಕಿಹಾಕಿಕೊಂಡು, ಮುಖವೆಲ್ಲ ಕೆಂಪಾಗುತ್ತಿತ್ತು. ಅಂಥವಳು ಹೋಗಿ ಹೋಗಿ ಕೆಲಸ ಹಿಡಿದದ್ದೆಲ್ಲಿ? ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ. ಪಾಸ್‌ವರ್ಡ್, ಪ್ರಿಂಟರ್, ಪ್ರೊಜೆಕ್ಟರ್, ಪೆನ್‌ಡ್ರೈವ್, ಪರೀಕ್ಷೆ, ಪ್ರಿನ್ಸಿಪಾಲ್! ಬೇಕಂತಲೇ ಯಾರೋ ಹುಡುಕಿ ಕೊಡಿಸಿದ ಹಾಗಿತ್ತು. ಸಾಲದ್ದಕ್ಕೆ ಅವಳ ಹೆಸರೂ ಅದೇ ಅಕ್ಷರದಿಂದ ಶುರು. ಹಾಗಾಗಿ ಇಡೀ ಕಾಲೇಜು ಅವಳನ್ನು 'ಲ್ಯಾಬ್ ಮೇಡಂ' ಎಂದು ಕರೆಯತೊಡಗಿದಾಗ ಅವಳಿಗೆ ಬೇಜಾರೇನೂ ಆಗಲಿಲ್ಲ, ಸಮಾಧಾನವೇ ಆಯಿತು.

ಚಿಕ್ಕವಳಿದ್ದಾಗ ಒಮ್ಮೆ ತಾಯಿ ಬಟ್ಟೆಯಂಗಡಿಗೆ ಕರೆದುಕೊಂಡು ಹೋಗಿದ್ದಳು. ಯಾವ ಬಣ್ಣ ಬೇಕಮ್ಮ ಎಂದು ಅಂಗಡಿಯವನು ಕೇಳಿದ. ಅವಳಿಗೆ ಬೇಕಾಗಿದ್ದದ್ದು ಪಚ್ಚೆ. "ಪ್... ಪ್..." ಅನ್ನುವಷ್ಟರಲ್ಲಿ ತಾಯಿಗೆ ತಡೆಯಲಾಗಲಿಲ್ಲ. "ಪಿಂಕಾ? ಪಿಂಕೇ ಕೊಟ್ಬಿಡಿ, ಅವಳಿಗೆ ಅದೇ ಇಷ್ಟ." ಆಮೇಲೆ ವರ್ಷಗಟ್ಟಲೆ ಆ ಮನೆಗೆ ಪಿಂಕ್ ಬಟ್ಟೆಯೇ ಬಂತು. 'ಹಸಿರು' ಅಂದುಬಿಟ್ಟಿದ್ದರೆ ಮುಗಿದಿತ್ತಲ್ಲ ಎಂದು ಹುಡುಗಿಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಅವತ್ತಿನಿಂದ ಅವಳು ಯಾವ ಮಾತಾಡಿದರೂ ಎರಡು ಹೆಜ್ಜೆ ಮುಂದೆ ನೋಡುತ್ತಿದ್ದಳು. ದಾರಿಯಲ್ಲಿ 'ಪ' ಕಂಡರೆ ಪಕ್ಕದ ಓಣಿಗೆ ತಿರುಗಿಬಿಡುವಳು.

ಈ ಓಣಿ ಸುತ್ತಾಟದಿಂದ ಅವಳ ಮಾತಿಗೆ ಒಂದು ವಿಚಿತ್ರ ರುಚಿ ಹತ್ತಿತು. ಪ್ರಿಂಟರ್ ಅವಳ ಬಾಯಲ್ಲಿ 'ಅಚ್ಚುಮಷೀನು' ಆಯಿತು. ಪಾಸ್‌ವರ್ಡ್ 'ಗುಟ್ಟು', ಪೆನ್‌ಡ್ರೈವ್ 'ಕಿಸೆಕಡ್ಡಿ', ಪ್ರಿನ್ಸಿಪಾಲರು 'ದೊಡ್ಡವರು'. ಪ್ರೊಜೆಕ್ಟರನ್ನು 'ಗೋಡೆದೀಪ' ಎನ್ನುತ್ತಿದ್ದಳು. ಹೊಸದಾಗಿ ಸೇರಿದ ಉಪನ್ಯಾಸಕರು ಯಾರಾದರೂ ಏದುಸಿರು ಬಿಡುತ್ತ ಬಂದು "ಮೇಡಂ, ಪ್ರೊಜೆಕ್ಟರ್ ಸತ್ತೇ ಹೋಗಿದೆ" ಅಂದರೆ, "ಗೋಡೆದೀಪನಾ? ಸಾಯಲ್ಲ ಅದು, ವೈರ್ ಸಡಿಲ ಆಗಿರುತ್ತೆ. ನಡೀರಿ, ಬಂದೆ" ಅನ್ನುವಳು. ಅವರು ನಗುತ್ತ ಹೋಗುವರು. ಆ ನಗುವಿನ ಮರೆಯಲ್ಲಿ ಅವಳಿಗೊಂದು ದಿನ ಕಳೆಯುತ್ತಿತ್ತು.

ಅವಳಿಗೆ ನಿಜವಾಗಿ ಬಾಯಿ ಬಂದದ್ದು 'ಕಟ್ಟೆ'ಯಲ್ಲಿ. ಕಟ್ಟೆ ಅಂದರೆ ಕಲ್ಲುಮಣ್ಣಿನದಲ್ಲ. ಬೇರೆಬೇರೆ ಊರುಗಳ ಕಾಲೇಜು ಉಪನ್ಯಾಸಕರೂ ಕಂಪ್ಯೂಟರ್ ಕೋಣೆಯವರೂ ಸೇರಿ ಇಂಟರ್ನೆಟ್ಟಿನಲ್ಲಿ ಕಟ್ಟಿಕೊಂಡ ಒಂದು ಗುಂಪು. ಆನ್‌ಲೈನ್ ತರಗತಿ ಅರ್ಧಕ್ಕೇ ನಿಂತುಹೋಯಿತೆಂದು ಒಬ್ಬರು, ಮಕ್ಕಳು ಒಬ್ಬರದನ್ನೊಬ್ಬರು ನಕಲು ಹೊಡೆದಿದ್ದಾರೆ, ಹಿಡಿಯುವುದು ಹೇಗೆಂದು ಇನ್ನೊಬ್ಬರು, ಹೀಗೆ ಅಲ್ಲಿ ದಿನಕ್ಕೊಂದು ಗೋಳು. ಇದ್ದದ್ದು ಒಂದೇ ಕಟ್ಟಳೆ: "ಇಷ್ಟೂ ಗೊತ್ತಿಲ್ವಾ" ಎಂದು ಯಾರೂ ಯಾರನ್ನೂ ಕೇಳಕೂಡದು. ಮನೆಮಾತಿನಲ್ಲಿ ಕೇಳಿ, ಮನೆಮಾತಿನಲ್ಲಿ ಹೇಳಿ. ಎಲ್ಲರಿಗೂ ಅಡ್ಡಹೆಸರು. ಗುಂಪು ಶುರುಮಾಡಿದ ಹಿರಿಯ ಭೌತಶಾಸ್ತ್ರದ ಮೇಷ್ಟ್ರು 'ಯಜಮಾನ್ರು'. ಲ್ಯಾಬ್ ಮೇಡಂ ಅಲ್ಲಿ 'ಗೋಡೆದೀಪ'.

ಟೈಪ್ ಮಾಡುವಾಗ ತುಟಿ ಅಂಟುವುದಿಲ್ಲವಲ್ಲ. ಕಟ್ಟೆಯಲ್ಲಿ ಅವಳ ಮಾತು ನೀರು ಹರಿದ ಹಾಗೆ. ಕಾಲೆಳೆಯುವುದರಲ್ಲಿ ಎತ್ತಿದ ಕೈ. ಅಲ್ಲೂ 'ಪ'ದಿಂದ ಶುರುವಾಗುವ ಪದ ಮಾತ್ರ ಬರುತ್ತಿರಲಿಲ್ಲ, ಬೆರಳಿಗೂ ಅದೇ ರೂಢಿಯಾಗಿಹೋಗಿತ್ತು. ಅವಳ ಕಿಸೆಕಡ್ಡಿ, ಅಚ್ಚುಮಷೀನುಗಳನ್ನು ಕಟ್ಟೆಯವರೆಲ್ಲ ಎತ್ತಿಕೊಂಡು ತಮ್ಮದಾಗಿ ಮಾಡಿಕೊಂಡರು. ಭಾಷೆಯ ಮೇಷ್ಟ್ರೊಬ್ಬರಂತೂ, ಇಂಥ ಅಪ್ಪಟ ಭಾಷಾಭಿಮಾನಿ ನಮ್ಮ ನಡುವೆ ಇರುವುದೇ ನಮ್ಮ ಭಾಗ್ಯ ಎಂದು ಉದ್ದಕ್ಕೆ ಬರೆದರು. ಅವಳು ಅದನ್ನು ತಾಯಿಗೆ ಓದಿ ಹೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀಗಿರುವಾಗ ಎಲ್ಲ ಕಾಲೇಜುಗಳಿಗೂ ಅಂಕ ತುಂಬುವ ಹೊಸ ತಂತ್ರಾಂಶವೊಂದು ವಕ್ಕರಿಸಿತು. 'ಉಳಿಸು' ಒತ್ತುವ ಮೊದಲೇ 'ಸಲ್ಲಿಸು' ಒತ್ತಿದರೆ ಅಂಕಗಳೆಲ್ಲ ಒಂದು ಸಾಲು ಕೆಳಗೆ ಜಾರುವವು. ಮೇಲಿನವನ ಅಂಕ ಕೆಳಗಿನವನಿಗೆ, ಕೆಳಗಿನವನದು ಅವನ ಕೆಳಗಿನವನಿಗೆ. 'ಬೆಂಕಿಪೊಟ್ಟಣ' ಎಂಬ ಹೆಸರಿನ ರಸಾಯನಶಾಸ್ತ್ರದ ಉಪನ್ಯಾಸಕಿ ಕಟ್ಟೆಗೆ ಬಂದು ಗೋಳಾಡಿದಳು: "ನನ್ನ ಕ್ಲಾಸಲ್ಲಿ ಸೊನ್ನೆ ತಗೊಂಡ ಪುಣ್ಯಾತ್ಮ ಮೊದಲನೇ ಸ್ಥಾನಕ್ಕೆ ಬಂದಿದಾನೆ. ಮೊದಲನೇ ಸ್ಥಾನದವಳು ಅಳ್ತಾ ಕೂತಿದಾಳೆ. ಯಾರಾದ್ರೂ ಕಾಪಾಡಿ." ಜಾರಿದ ಸಾಲನ್ನು ಹಿಂದಕ್ಕೆ ತರುವ ಉಪಾಯವನ್ನು ಗೋಡೆದೀಪ ಕಂಡುಹಿಡಿದಿದ್ದಳು. ಬಿಡಿಸಿ ಬಿಡಿಸಿ ಬರೆದಳು. ಓದಿದವರು ಎಲ್ಲೋ ಒಂದು ಕಡೆ ತಪ್ಪು ಒತ್ತಿ ಮತ್ತಷ್ಟು ಕೆಡಿಸಿಕೊಂಡರು. ಕೈ ಹಿಡಿದು ತೋರಿಸದ ಹೊರತು ಬರುವ ವಿದ್ಯೆ ಅದಲ್ಲ.

ಯಜಮಾನ್ರು ಬರೆದರು: "ಗೋಡೆದೀಪದವರೇ, ಒಂದು ವಿಡಿಯೋ ಸಭೆ ಸೇರೋಣ. ನೀವು ಮಾಡ್ತಾ ಮಾಡ್ತಾ ಬಾಯಲ್ಲಿ ಹೇಳಿ, ನಾವು ನೋಡ್ಕೊಂಡು ಮಾಡ್ತೀವಿ."

ಅವಳಿಗೆ ಜೀವ ಬಾಯಿಗೆ ಬಂತು. ತನ್ನ ಮೈಕ್ ಕೆಟ್ಟಿದೆ ಎಂದು ಬರೆದಳು. ಕಟ್ಟೆಯ ತುಂಬ ಮೈಕ್ ರಿಪೇರಿ ಬಲ್ಲವರೇ. ತಲೆಗೊಂದರಂತೆ ಉಪಾಯ ಬಂದು ಬಿತ್ತು. ಗಂಟಲು ಕಟ್ಟಿದೆ ಎಂದಳು. ಹಾಗಾದರೆ ಭಾನುವಾರದವರೆಗೆ ಕಾಯುತ್ತೇವೆ ಎಂದರು. ಇನ್ನು ಹೇಳಲು ಸುಳ್ಳೂ ಉಳಿಯಲಿಲ್ಲ. ಭೂಮಿಯ ಮೇಲೆ ಅವಳು ಉಗ್ಗುವವಳಲ್ಲದ ಜಾಗ ಇದ್ದದ್ದು ಅದೊಂದೇ. ಅಲ್ಲಿ ಅವಳನ್ನು ಕಂಡು ಯಾರೂ ಅಯ್ಯೋ ಅಂದಿರಲಿಲ್ಲ, ಯಾರೂ ಅವಳ ಮಾತನ್ನು ಬಾಯಿಂದ ಕಿತ್ತುಕೊಂಡು ತಾವು ಮುಗಿಸಿರಲಿಲ್ಲ. ಬಾಯಿ ತೆರೆದರೆ ಅದು ಹೋಗುತ್ತದೆ. ತೆರೆಯದಿದ್ದರೆ ಆ ಮೊದಲನೇ ಸ್ಥಾನದ ಹುಡುಗಿ ಅಳುತ್ತಲೇ ಕೂತಿರುತ್ತಾಳೆ. ಆಗಲಿ ಎಂದು ಬರೆದುಬಿಟ್ಟು ಫೋನನ್ನು ದಿಂಬಿನ ಕೆಳಗೆ ತುರುಕಿದಳು.

"ನಾನು ಪಕ್ಕದಲ್ಲೇ ಕೂತ್ಕೋತೀನಿ ಕಣೇ," ಎಂದಳು ತಾಯಿ. "ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಹೇಳ್ಕೊಡ್ತೀನಿ."

"ನಿನಗೆ ಆ ತಂತ್ರಾಂಶ ಗೊತ್ತಾ?"

"ಅದು ಗೊತ್ತಿಲ್ಲ. ನೀನು ಗೊತ್ತು."

ತಾಯಿಯ ಮೇಲೆ ಕೋಪ ಮಾಡಿಕೊಳ್ಳುವ ಹಾಗಿರಲಿಲ್ಲ. ಶಾಲೆಯಲ್ಲಿ ಹಾಜರಿ ಕರೆಯುವಾಗ 'ಪ್ರೆಸೆಂಟ್' ಅನ್ನಲಾಗದೆ ಮಗಳು ಒದ್ದಾಡುತ್ತಾಳೆಂದು ಬಾಗಿಲ ಬಳಿ ಬಂದು ನಿಲ್ಲುತ್ತಿದ್ದ ಹೆಂಗಸು ಅದು.

ಹೇಗೆ ಹೇಳಬೇಕೆಂಬುದನ್ನು ವಾರವಿಡೀ ಮನಸ್ಸಿನಲ್ಲೇ ಹೊಂದಿಸಿಕೊಂಡಳು. ಯಾವ ಪದವೂ 'ಪ'ದಿಂದ ಶುರುವಾಗುತ್ತಿರಲಿಲ್ಲ. "ನಮಸ್ಕಾರ, ನಾನು ಗೋಡೆದೀಪ" ಎಂದು ಶುರುಮಾಡಿ ನೇರ ಕೆಲಸಕ್ಕೆ ಇಳಿಯುವುದು. ಹಾಗೆ ಹೋದರೆ ಒಂದು ಗಂಟೆ ದಾಟಿಬಿಡಬಹುದೆಂಬ ಧೈರ್ಯ ಬಂತು.

ಭಾನುವಾರ ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ತಾಯಿ ಕ್ಯಾಮೆರಾಕ್ಕೆ ಕಾಣದ ಹಾಗೆ ಗೋಡೆ ಬದಿಯ ಕುರ್ಚಿಯಲ್ಲಿ. ಪರದೆಯ ಮೇಲೆ ಒಂದೊಂದಾಗಿ ಮುಖಗಳು ಮೂಡಿದವು. ಎಲ್ಲರಿಗೂ ಸಡಗರ. ಬೆಂಕಿಪೊಟ್ಟಣ ಎಂಬುವಳು ಅವಳು ಅಂದುಕೊಂಡಂತೆ ಸಣ್ಣ ಹುಡುಗಿಯಲ್ಲ, ತಲೆ ಅರ್ಧ ನೆರೆತ ದಪ್ಪ ಹೆಂಗಸು. ಯಜಮಾನ್ರು ಗಂಟಲು ಸರಿಮಾಡಿಕೊಂಡರು.

"ಅಡ್ಡಹೆಸರಲ್ಲಿ ಇಷ್ಟು ದಿನ ಆಟ ಆಡಿದ್ದಾಯ್ತು. ಇವತ್ತು ಮುಖ ನೋಡ್ತಿದೀವಿ, ಎಲ್ಲರೂ ಒಂದ್ಸಲ ನಿಜವಾದ ಹೆಸರು ಹೇಳ್ಬಿಡೋಣ. ಗೋಡೆದೀಪದವರಿಂದಲೇ ಶುರುವಾಗಲಿ."

ವಾರವಿಡೀ ಹೊಂದಿಸಿಕೊಂಡದ್ದೆಲ್ಲ ತಲೆಯಿಂದ ಹಾರಿಹೋಯಿತು. ಬೇರೆ ಯಾವ ಮಾತಿಗಾದರೂ ಪಕ್ಕದ ಓಣಿ ಇರುತ್ತದೆ, ಸ್ವಂತ ಹೆಸರಿಗೆ ಎಲ್ಲಿಂದ ತರುವುದು? "ನನ್ನ ಹೆಸರು..." ಎಂದಳು. ತುಟಿ ಅಂಟಿಕೊಂಡಿತು. ಉಸಿರು ನಿಂತಿತು. ಕಣ್ಣು ಒಂದೇ ಕಡೆ ನೆಟ್ಟುಹೋಯಿತು.

"ಅರೆ, ಮೇಡಂ ನೆಟ್ ನಿಂತ್ಹೋಯ್ತು ಅನ್ಸುತ್ತೆ," ಎಂದರು ಯಾರೋ.

"ಹೌದು, ನನಗೂ ಹಾಗೇ ಕಾಣ್ತಿದೆ. ಮುಖ ಅಲ್ಲೇ ನಿಂತ್ಬಿಟ್ಟಿದೆ."

"ಮೇಡಂ, ವಿಡಿಯೋ ಆಫ್ ಮಾಡಿ ನೋಡಿ."

"ರೂಟರ್ ಒಂದ್ಸಲ ಆರಿಸಿ ಹಾಕಿ, ಸರಿಹೋಗುತ್ತೆ."

ಕಂಪ್ಯೂಟರ್ ಕೋಣೆಯವರ ಬುದ್ಧಿ ಇನ್ನೆಲ್ಲಿಗೆ ಹೋದೀತು! ಮನುಷ್ಯರ ಮಾತು ನಿಂತರೂ ಅವರಿಗೆ ವೈರಿನ ಮೇಲೆಯೇ ಅನುಮಾನ. ತುಟಿ ಬಿಟ್ಟುಕೊಂಡಿತು, ಅವಳು ಉಸಿರೆಳೆದುಕೊಂಡಳು. ಎಂಥ ಸಲೀಸಾದ ದಾರಿ! ಗುಂಡಿ ಒತ್ತಿ ಹೊರಗೆ ಬಂದುಬಿಟ್ಟರೆ ಆಯಿತು. ನೆಟ್ ಹೋಯಿತು, ಕ್ಷಮಿಸಿ ಎಂದು ಆಮೇಲೆ ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಗೋಡೆದೀಪ ಗೋಡೆದೀಪವಾಗಿಯೇ ಉಳಿಯುತ್ತಾಳೆ. ಬೆರಳು ಗುಂಡಿಯ ಹತ್ತಿರ ಹೋಗಿಯೂ ಹೋಯಿತು. ಆಗ ಬೆಂಕಿಪೊಟ್ಟಣ ತನ್ನ ಕಾಲೇಜಿನ ಯಾರಿಗೋ "ಇವರ ನೆಟ್ಟೇ ಹೋದ್ರೆ ನಮ್ಮ ಗತಿ ಮುಗೀತು" ಅಂದದ್ದು ಕೇಳಿಸಿತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ನೆಟ್ ಸರಿಯಾಗೇ ಇದೆ," ಎಂದಳು. "ನಿಂತಿದ್ದು ನನ್ನ ನಾ... ನಾಲಿಗೆ. ನನಗೆ ಉಗ್ಗು ಇದೆ. ಚಿಕ್ಕಂದಿನಿಂದಲೂ. ಗೋಡೆದೀಪ, ಕಿಸೆಕಡ್ಡಿ ಎಲ್ಲ ಭಾಷೆ ಮೇಲಿನ ಅಭಿಮಾನದಿಂದ ಬಂದಿದ್ದಲ್ಲ. ನನ್ನ ಹೆಸರಿನ ಮೊದಲಕ್ಷರ ನನ್ನ ಬಾಯಲ್ಲಿ ಬರಲ್ಲ, ಅಷ್ಟೇ."



"ಅಷ್ಟೇನಾ?" ಎಂದಳು ಬೆಂಕಿಪೊಟ್ಟಣ. "ನಾನು ನೆಟ್ಟೇ ಹೋಯ್ತು ಅಂದ್ಕೊಂಡು ಹೆದರಿ ಸತ್ತಿದ್ದೆ."

ಯಾರೋ ನಕ್ಕರು. ಅವಳಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಭಾಷೆಯ ಮೇಷ್ಟ್ರು ಮಾತ್ರ ಏನು ಮಾಡಬೇಕೆಂದು ತೋಚದೆ ಕನ್ನಡಕ ಒರೆಸುತ್ತಿದ್ದರು.

"ಹೆಸರು ಬೇಡ ಬಿಡಿ ತಾಯಿ," ಎಂದರು ಯಜಮಾನ್ರು, ತೀರಾ ಮೆತ್ತಗಾಗಿ. "ಸುಮ್ನೆ ಕೇಳಿದೆ. ನೀವು ಪಾಠ ಶುರುಮಾಡಿ."

ಗೋಡೆ ಬದಿಯ ಕುರ್ಚಿಯಿಂದ ತಾಯಿ ಆಗಲೇ ಎದ್ದಿದ್ದಳು. "ನಾನು ಹೇಳ್ಬಿಡ್ಲೇನೇ?" ಎಂದು ಪಿಸುಗುಟ್ಟಿದಳು. ಬಾಯಿ ಅರ್ಧ ತೆರೆದೇ ಇತ್ತು.

ಮಗಳು ಪರದೆಯಿಂದ ಕಣ್ಣು ತೆಗೆಯದೆ ಕೈಯೆತ್ತಿ ತಡೆದಳು. "ಬೇಡಮ್ಮ. ನಾನೇ ಹೇಳ್ತೀನಿ."

ಮತ್ತೆ ತುಟಿ ಅಂಟಿಕೊಂಡಿತು. ಪರದೆಯ ಮೇಲಿನ ಮುಖಗಳು ಅಲ್ಲಾಡದೆ ಕಾದವು. ಅವಳ ಕತ್ತಿನ ನರ ಉಬ್ಬಿತು. ಅದೇ ಅಕ್ಷರದ ಮೇಲೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ತಾಯಿ ಸೆರಗಿನಿಂದ ತನ್ನ ಬಾಯಿ ತಾನೇ ಮುಚ್ಚಿಕೊಂಡು ನಿಂತಿದ್ದಳು. ಕೊನೆಗೆ ಹೆಸರು ಹೊರಗೆ ಬಂತು, ಮೊದಲ ಅಕ್ಷರ ಚೂರುಚೂರಾಗಿ, ಮಿಕ್ಕದ್ದು ಇಡಿಯಾಗಿ.

ತಾಯಿ ಮೆಲ್ಲಗೆ ಕುರ್ಚಿಯಲ್ಲಿ ಕೂತಳು. ಆ ಹೆಸರನ್ನು ಇಟ್ಟವಳು ಅವಳೇ. ಶಾಲೆ, ಅಂಗಡಿ, ಆಸ್ಪತ್ರೆ ಎನ್ನದೆ ಹೋದಲ್ಲೆಲ್ಲ ಅದನ್ನು ಮುಂದೆ ಬಿದ್ದು ಹೇಳಿದವಳೂ ಅವಳೇ. ಮಗಳ ಬಾಯಲ್ಲಿ ಅದನ್ನು ಅವಳು ಕೇಳಿದ್ದು ಇದೇ ಮೊದಲು.